ತೆರಕಣಾಂಬಿಯ ಉಬ್ಬಸದ ಮಾತ್ರೆ

"ಮೇಡಮ್, ನಮ್ಮ ಮಾವನ್ಗೆ ನಾನು ಏನೂ ಮಾಡಿಲ್ಲ. ಯಾರೂ ನಂಬ್ತಿಲ್ಲ."

ಗುಂಡ್ಲುಪೇಟೆಯ ರಘುನಾಥನ ಮನೆಯ ಬಾಗಿಲಲ್ಲಿ ನಿಂತು ಇಷ್ಟು ಹೇಳಿದ ನಾಗಮಣಿ ಐದು ತಿಂಗಳ ಬಸುರಿ. ತೆರಕಣಾಂಬಿಯಿಂದ ಬಸ್ಸಿನಲ್ಲಿ ನಿಂತೇ ಬಂದಿದ್ದಳು. ರಘುನಾಥ ಅವಳನ್ನು ಕೂರಿಸಿ ಹೆಂಡತಿಯನ್ನು ಕೂಗಿದ. ಸುಧಾಮಣಿ ವೈದ್ಯಕೀಯ ಕಾಲೇಜಿನಲ್ಲಿ ಔಷಧಶಾಸ್ತ್ರ ಕಲಿಸಿ ನಿವೃತ್ತಳಾದವಳು. ಸುತ್ತಮುತ್ತ ಯಾರಿಗೆ ಯಾವ ಮದ್ದು ಎಡವಟ್ಟಾದರೂ ಎಲ್ಲರೂ, ಪೊಲೀಸರು ಕೂಡ, ಬರುವುದು ಅವಳ ಬಳಿಗೇ. ಗಂಡನ ಪಾಲಿಗೆ ಬಂದದ್ದು ಕಾರು ಓಡಿಸುವುದು ಮತ್ತು ತನಗೂ ಅರ್ಥವಾದಂತೆ ತಲೆಯಾಡಿಸುವುದು. ಎರಡನ್ನೂ ಅವನು ಮನಸ್ಸಿಟ್ಟು ಮಾಡುತ್ತಿದ್ದ.

ನಾಗಮಣಿಯ ಮಾವ ಶಾಂತಮಲ್ಲಪ್ಪನಿಗೆ ಹಳೆಯ ಉಬ್ಬಸ. ತಿಂಗಳ ಹಿಂದೆ ಉಸಿರು ಕಟ್ಟಿದಾಗ ಚಾಮರಾಜನಗರದ ಆಸ್ಪತ್ರೆಯವರು ಥಿಯೋಫಿಲಿನ್ ಜಾತಿಯ ಇಂಜೆಕ್ಷನ್ ಕೊಟ್ಟು ಉಳಿಸಿ, ಅದೇ ಮದ್ದಿನ ಮಾತ್ರೆ ಬರೆದು ಕಳಿಸಿದ್ದರು. ಕೊಡುವ ಕೆಲಸ ಸೊಸೆಯದು. ಕಳೆದ ವಾರ ವಾಂತಿ ಶುರುವಾಯಿತು, ಆಮೇಲೆ ಕೈನಡುಕ, ಮೊನ್ನೆ ಫಿಟ್ಸ್. ಮತ್ತೆ ಆಸ್ಪತ್ರೆಗೆ ಸೇರಿಸಿದಾಗ ರಕ್ತದಲ್ಲಿ ಮದ್ದು ಇರಬೇಕಾದ್ದಕ್ಕಿಂತ ದುಪ್ಪಟ್ಟು ಇತ್ತು. ಅವನ ಅಕ್ಕ ಶಿವರುದ್ರಮ್ಮ, ಸೊಸೆಯೇ ಬೇಕೆಂದು ಹೆಚ್ಚು ಕೊಟ್ಟಿದ್ದಾಳೆ, ಸಂಜೆ ಪೊಲೀಸರಿಗೆ ದೂರು ಕೊಡುತ್ತೇನೆ ಎಂದು ಕೂತಿದ್ದಳು. ನಾಗಮಣಿಯ ಗಂಡ ಪುಟ್ಟರಾಜು ಬಂಡೀಪುರದಲ್ಲಿ ಫಾರೆಸ್ಟ್ ವಾಚರ್. ಆನೆಗೆ ಹೆದರದವನು ಸೋದರತ್ತೆಯ ಮುಂದೆ ಬಾಯಿ ಬಿಡುತ್ತಿರಲಿಲ್ಲ.

ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಮೂವರೂ ಮೊದಲು ತೆರಕಣಾಂಬಿಯ ಮನೆಗೆ ಹೋದರು. ಸುಧಾಮಣಿ ಮಾತ್ರೆ ನೋಡಿದಳು. ಉಳಿಯಬೇಕಾದಷ್ಟೇ ಉಳಿದಿದ್ದವು.

"ಬೇರೆ ಮದ್ದೇನಾದ್ರೂ ತಗೊಂಡ್ರಾ? ಜ್ವರ ಬಂದಿತ್ತಾ?"

"ಎರಡೂ ಇಲ್ಲ ಮೇಡಮ್."

"ಬೀಡಿ?"

"ಅದ್ಕೇನೂ ಕಮ್ಮಿ ಇಲ್ಲ. ಉಂಡ್ಮೇಲೆ ಹಿತ್ಲಿಗೆ ಹೋಗಿ ಕೂತ್ಕತಾರೆ. ಮೊನ್ನೆಗಂಟ ಹಂಗೇ."

"ರೀ, ಅವ್ರ ಅಂಗಿಗಳನ್ನ ಸ್ವಲ್ಪ ನೋಡಿ."

ರಘುನಾಥ ಗೂಟದಲ್ಲಿದ್ದ ಅಂಗಿಗಳನ್ನು ಒಂದೊಂದಾಗಿ ತೆಗೆದ. ಹಳೆಯವುಗಳ ಎದೆಯ ಮೇಲೆಲ್ಲ ಬೀಡಿಯ ಕಿಡಿ ಸುಟ್ಟ ತೂತು. ಆಸ್ಪತ್ರೆಯಿಂದ ಬಂದಮೇಲೆ ಹೊಲಿಸಿದ ಅಂಗಿಗೆ ಒಂದೂ ತೂತಿಲ್ಲ, ಜೇಬಿನ ತುಂಬ ಏಲಕ್ಕಿ ಸಿಪ್ಪೆ.

"ಕೆಮ್ಮಿಗೆ ಅಗೀತಾರೆ ಅನ್ಕಂಡಿದ್ದೆ" ಎಂದಳು ನಾಗಮಣಿ. ಸುಧಾಮಣಿ ಕಾರು ಹತ್ತಿದಳು.

ಆಸ್ಪತ್ರೆಯಲ್ಲಿ ಶಾಂತಮಲ್ಲಪ್ಪನಿಗೆ ಎಚ್ಚರವಾಗಿತ್ತು. ಮಂಚದ ಸುತ್ತ ಶಿವರುದ್ರಮ್ಮ, ಪುಟ್ಟರಾಜು ಮತ್ತು ಆಸ್ಪತ್ರೆಯ ಡಾಕ್ಟರು ಇದ್ದರು. ನಾಗಮಣಿ ಬಾಗಿಲ ಬಳಿಯೇ ನಿಂತಳು.

"ಈ ಮದ್ದಿಗೆ ಎರಡು ಲೆಕ್ಕ" ಎಂದು ಸುಧಾಮಣಿ ಶುರುಮಾಡಿದಳು. "ಬಚ್ಚಲ ಹಂಡೆ ನೆನೆಸ್ಕೊಳ್ಳಿ, ತಳದಲ್ಲಿ ನಲ್ಲಿ ಬಿಟ್ಟಿದೆ. ಮೊದಲು ತುಂಬಿಸೋಕೆ ಎಷ್ಟು ನೀರು ಬೇಕು ಅನ್ನೋದು ಹಂಡೆಯ ಗಾತ್ರದ ಮೇಲೆ. ಆಮೇಲೆ ಮಟ್ಟ ಇಳೀದಂತೆ ದಿನಾ ಎಷ್ಟು ಹುಯ್ಯಬೇಕು ಅನ್ನೋದು ನಲ್ಲಿ ಎಷ್ಟು ಹರೀತಿದೆ ಅನ್ನೋದರ ಮೇಲೆ. ಮೊದಲ ಇಂಜೆಕ್ಷನ್ ತುಂಬಿಸೋ ಲೆಕ್ಕ. ಅದು ಸರಿಯಾಗಿತ್ತು, ಮಾರನೇ ದಿನದ ರಕ್ತಪರೀಕ್ಷೆ ಹೇಳುತ್ತೆ. ಮಾತ್ರೆ, ಹುಯ್ಯೋ ಲೆಕ್ಕ. ಮಾತ್ರೆ ಹೆಚ್ಚು ಹೋಗಿಲ್ಲ, ಆದ್ರೂ ಮಟ್ಟ ದಿನದಿಂದ ದಿನಕ್ಕೆ ಏರಿದೆ. ಅಂದ್ಮೇಲೆ ನಲ್ಲಿನೇ ಸಣ್ಣದಾಗಿರಬೇಕು. ನಲ್ಲಿ ಅಂದ್ರೆ ಈ ಮದ್ದನ್ನ ಕರಗಿಸೋ ಲಿವರ್."

"ಲಿವರ್ ಚೆನ್ನಾಗಿದೆಯಲ್ಲ ಮೇಡಮ್" ಎಂದರು ಡಾಕ್ಟರು.

"ಚೆನ್ನಾಗಿದೆ. ಜ್ವರ ಇಲ್ಲ, ಬೇರೆ ಮದ್ದಿಲ್ಲ. ಆದ್ರೆ ಬೀಡಿ ಹೊಗೆ ಲಿವರ್ ಕೈಲಿ ಈ ಮದ್ದನ್ನ ಬೇಗ ಕರಗಿಸುತ್ತೆ. ಅದಕ್ಕೇ ನೀವು ಸೇದೋರಿಗೆ ತಕ್ಕಂತೆ ಹೆಚ್ಚು ಬರೆದ್ರಿ, ಅವತ್ತಿಗೆ ಅದು ಸರಿ. ಹೊಸ ಅಂಗಿಯಲ್ಲಿ ಕಿಡಿ ಬಿದ್ದ ತೂತಿಲ್ಲ, ಜೇಬಲ್ಲಿ ಏಲಕ್ಕಿ ಸಿಪ್ಪೆ. ಸೇದೋನು ಸೇದೋದು ನಿಲ್ಲಿಸಿದ್ರೆ ಅದೇ ಮಾತ್ರೆ ಒಳಗೇ ಕೂಡ್ತಾ ಹೋಗುತ್ತೆ. ಬೀಡಿ ಬಿಟ್ಟಿದ್ದು ಒಳ್ಳೇದೇ ಆಯ್ತು ಶಾಂತಮಲ್ಲಪ್ಪನೋರೇ. ಡಾಕ್ಟ್ರಿಗೊಂದು ಮಾತು ಹೇಳಿದ್ರೆ ಮಾತ್ರೆ ಇಳಿಸ್ತಿದ್ರು."

ಶಾಂತಮಲ್ಲಪ್ಪ ಕಳ್ಳತನದಲ್ಲಿ ಸಿಕ್ಕವನಂತೆ ಮುಖ ತಿರುಗಿಸಿದ. "ಎಷ್ಟೋ ಸಲ ಬುಟ್ಟು ಮತ್ತೆ ಸೇದಿದ್ದೆ ಕಣವ್ವ. ಈ ಸಲಾನೂ ಸೋತ್ರೆ ಅಕ್ಕ ಆಡ್ಕಂಡು ನಗ್ತಾಳೆ ಅಂತ ಸುಮ್ಕಿದ್ದೆ. ಹಿತ್ಲಲ್ಲಿ ಸುಮ್ನೆ ಕುಂತಿದ್ದು ಬತ್ತಿದ್ದೆ. ಈ ಹೆಣ್ಮಗ ಹೊಗೆಗೆ ಓಕರಿಸ್ಕತಿತ್ತು. ಹೊಟ್ಟೇಲಿ ಕೂಸು ಬೇರೆ. ನೋಡಕ್ಕಾಗ್ನಿಲ್ಲ, ಬುಟ್ಬುಟ್ಟೆ."

ಶಿವರುದ್ರಮ್ಮ ನಾಗಮಣಿಯ ಕಡೆ ತಿರುಗಿದಳು. "ನನ್ನ ಬಾಯ್ಗೆ ಬೆಂಕಿ ಬೀಳ. ಬಾ ಕಣಮ್ಮಿ, ಇಲ್ಲಿ ಕೂತ್ಕ" ಎಂದು ತಾನು ಕೂತಿದ್ದ ಸ್ಟೂಲನ್ನು ಬಿಟ್ಟು ಎದ್ದಳು.

ನಾಗಮಣಿ ಕೂರಲಿಲ್ಲ. ಕೊಲೆಗಾತಿ ಎನ್ನಿಸಿಕೊಂಡಾಗಲೂ ಅಳದವಳು ಈಗ ಮಾವನ ಕೈ ಹಿಡಿದು ಅತ್ತಳು.

"ನಂಗೋಸ್ಕರ ಇದುವರ್ಗೂ ಯಾರೂ ಏನೂ ಬುಟ್ಕೊಟ್ಟಿರ್ನಿಲ್ಲ ಮಾವ."

"ನೀನೂ ಒಂದಿನಾನೂ ಮರೀದೆ ಮಾತ್ರೆ ಕೊಟ್ಟೆ" ಎಂದ ಶಾಂತಮಲ್ಲಪ್ಪ. "ನಮ್ಮಿಬ್ರ ಒಳ್ಳೇತನ ಸೇರ್ಕಂಡು ನನ್ನ ಸಾಯಿಸ್ತಿತ್ತಲ್ಲವ್ವ."

ಮೊದಲು ನಕ್ಕಿದ್ದು ಶಿವರುದ್ರಮ್ಮ. ರಘುನಾಥನಿಗೆ ಈ ಸಲ ನಿಜವಾಗಿಯೂ ಎಲ್ಲ ಅರ್ಥವಾಗಿತ್ತು. ಇಂಥವಳ ಕಾರು ಓಡಿಸುವ ಭಾಗ್ಯ ತನ್ನದಾಯಿತಲ್ಲ ಎಂದು ಕಣ್ಣೊರೆಸಿಕೊಂಡು, ತಲೆಯಾಡಿಸುವುದನ್ನೇ ಮರೆತು ನಿಂತ.