ಪುಟದಾಚೆ ಚಾಚಿದ ಕೈ

“ಇಲ್ಲಿದ್ದ ಕೈ ಎಲ್ಲಿ?”

ಬೈಂಡಿಂಗ್ ಅಂಗಡಿಯ ಮೇಜಿನ ಮೇಲೆ, ಹೊಲಿಯಲು ಕೊಟ್ಟಿದ್ದ ತನ್ನ ಪುಸ್ತಕ ತೆರೆದಿಟ್ಟು ಕೇಳಿದಳು ಅವಳು.

ಕನ್ನಡಕದ ಅಂಗಡಿಯಲ್ಲಿ ದುಡಿಯುವ ಹುಡುಗಿ. ತಾನೇ ಫೋಟೋ ತೆಗೆದು, ಕತ್ತರಿಸಿ, ಬಟ್ಟೆಚೂರು, ಬಸ್ ಟಿಕೆಟ್, ಬಣ್ಣದ ಕಾಗದದ ಜೊತೆ ಅಂಟಿಸಿ ಪುಟ ಕಟ್ಟುವುದು ಅವಳ ಹುಚ್ಚು. ಕಾಗದದ ಚೂರು ಆಯಲು ಇಲ್ಲಿಗೆ ಬರುತ್ತಾ ಬರುತ್ತಾ ಬೈಂಡರನ ಮೇಲೂ ಮನಸ್ಸು ಅಂಟಿಕೊಂಡಿತ್ತು. ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೇ.

ಬೈಂಡರ್ ಬೆಪ್ಪಾದ. “ಆ ಫೋಟೋದ ಕೈ ಪುಟದಿಂದ ಹೊರಗೆ ಚಾಚಿಕೊಂಡಿತ್ತಲ್ಲಾ... ಹೊಲಿದ ಮೇಲೆ ಅಂಚು ಸಮ ಮಾಡೋದು ನಮ್ಮ ಪದ್ಧತಿ. ಕಟಿಂಗ್ ಮೆಷಿನ್ನಿಗೆ ಕೊಟ್ಟೆ.”

“ಬೇಕಂತಲೇ ಚಾಚಿದ್ದೆ! ಪುಟ ತಿರುವೋರ ಬೆರಳಿಗೆ ಮೊದಲು ಆ ಕೈಯೇ ಸಿಗಲಿ ಅಂತ! ಗಂಡಸಿನ ಕೈ ಅಂತ ನಿಮಗೆ ಸಹಿಸೋಕಾಗಲಿಲ್ಲ, ಅಲ್ವಾ? ಆ ಪುಟ ತೋರಿಸಿದಾಗೆಲ್ಲ ಮುಖ ಗಂಟು ಹಾಕ್ಕೋತಿದ್ರಿ. ನೋಡಿಲ್ವಾ ನಾನು?”

“ಯಾರದ್ದು... ಅದು?”

“ನನ್ನಣ್ಣಂದು!” ಅಳು ಉಕ್ಕಿ ಬಂತು. “ಮನೆಗೆ ನೀರು ನುಗ್ಗಿ ಫೋಟೋ ಎಲ್ಲ ಕೊಳೆತ್ಹೋಯ್ತು. ತೀರಿಹೋದ ಅಣ್ಣಂದು ಅಂತ ಉಳಿದಿದ್ದು ಆ ಒಂದು ಕೈ...”

ಮೂಲೆಯಲ್ಲಿ ಹಾಳೆ ಮಡಿಸುತ್ತಿದ್ದ ಬೈಂಡರನ ಸೋದರತ್ತೆ ಗದರಿದಳು. “ಲೋ, ಕಂಬದ ಹಾಗೆ ನಿಂತಿದ್ದೀಯಲ್ಲೋ! ರದ್ದಿಯವನು ಹಿತ್ತಲ ಬಾಗಿಲಲ್ಲಿ ಕತ್ತರಿಸಿದ ಚೂರುಗಳ ಚೀಲ ಏರಿಸ್ತಿದ್ದಾನೆ!”

ಇಬ್ಬರೂ ಓಡಿದರು. ಗಾಡಿ ಆಗಲೇ ಹೊರಟಿತ್ತು! ಬೈಂಡರ್ ಅಡ್ಡ ಹೋಗಿ ನಿಂತ.

“ಇಳಿಸಪ್ಪಾ, ಇವತ್ತಿನ ಚೀಲ ಇಳಿಸು!”

“ಕಸಕ್ಕೂ ಅಳೋರನ್ನ ಇವತ್ತೇ ನೋಡಿದ್ದು,” ಎಂದು ಗೊಣಗಿ ರದ್ದಿಯವನು ಚೀಲ ಉರುಳಿಸಿ ಹೋದ.

ನೆಲದ ಮೇಲೆ ಸುರಿದು ಹುಡುಕಿದರು. ಬರೀ ಬಿಳಿ ಪಟ್ಟಿಗಳು... ಅವಳು ಒಂದೊಂದನ್ನೂ ತಿರುವಿ ನೋಡಿದಳು. ‘ಸಿಗದಿದ್ದರೆ ಅಣ್ಣ ಎರಡನೇ ಸಲ ಹೋದ ಹಾಗೆ. ಈ ಮನುಷ್ಯನ ಮುಖ ಮತ್ತೆ ನೋಡಲಾರೆ.’

“ಒಂದು ಮಾತು,” ತಲೆ ಎತ್ತದೆ ಅವನೆಂದ. “ಬೇಕಂತ ಕತ್ತರಿಸಲಿಲ್ಲ. ಆದ್ರೆ ಹೊಟ್ಟೆಕಿಚ್ಚು ಇದ್ದಿದ್ದು ನಿಜ. ಆ ಕೈ ಕಂಡ ದಿನ ನನಗೆ ಊಟ ಸೇರ್ತಿರಲಿಲ್ಲ.”

ಕೆದಕುತ್ತಿದ್ದ ಅವಳ ಬೆರಳು ನಿಂತವು. ಇಲ್ಲವೆಂದು ಸಾಧಿಸಿ ಪಾರಾಗಬಹುದಿತ್ತು ಇವನು!

“ಯಾರ ಕೈ ಅಂತ ಕೇಳಬಾರದಿತ್ತಾ?”

“ಕೇಳಿದ್ರೆ ನೀವು ‘ನಾನು ಮದುವೆಯಾಗೋನದು’ ಅಂದುಬಿಡ್ತಿದ್ರೇನೋ... ಅದೇ ಭಯ. ನೀವು ಬರೋದೇ ನಿಂತುಹೋದ್ರೆ ನನಗೆ ಅಂಗಡಿ ಬಾಗಿಲು ತೆಗೆಯೋಕೂ ಮನಸ್ಸು ಬರಲ್ಲ.”

ಅವಳು ಮತ್ತೆ ಕೆದಕಿದಳು. ರಾಶಿಯ ಕೊನೆಯ ಪಟ್ಟಿಯೂ ಮುಗಿಯಿತು. ಇಲ್ಲ...

ಅವನು ಚೀಲವನ್ನೇ ಒಳಮೈ ಹೊರಗಾಗಿ ತಿರುವಿದ. ಹೊಲಿಗೆಯ ಸಂದಿಯಲ್ಲಿ ಒಂದು ಪಟ್ಟಿ ಸಿಕ್ಕಿಕೊಂಡಿತ್ತು. ಅದರ ತುದಿಯಲ್ಲಿ ನಾಲ್ಕು ಬೆರಳು!

ಕೆನ್ನೆಗೊತ್ತಿಕೊಂಡು ಬಿಕ್ಕಿದಳು. ಅವನು ಮುಟ್ಟಲಿಲ್ಲ. ಪಕ್ಕದಲ್ಲೇ ಕೂತಿದ್ದ.

ಆಮೇಲೆ ಇಬ್ಬರೂ ಒಳಗೆ ಮೇಜಿನ ಬಳಿ ಬಂದರು. ಅವನು ಗೋಂದು ತಂದ. “ಹಿಂದೆ ತೆಳು ಕಾಗದ ಅಂಟಿಸ್ತೀನಿ. ಕತ್ತರಿಸಿದ ಗುರುತು ಕಾಣಲ್ಲ.”

“ಕಾಣಲಿ. ಇವತ್ತು ನಡೆದದ್ದೂ ಈ ಪುಟದಲ್ಲಿರಲಿ.” ಕಣ್ಣೊರೆಸಿಕೊಂಡು ಅವಳೇ ಬೆರಳುಗಳನ್ನು ಕೂಡಿಸಿದಳು. “ಒತ್ತಿ ಹಿಡೀರಿ.”

ಅವನು ಒತ್ತಿದ. ಅವಳ ಅಂಗೈ ಮೆಲ್ಲಗೆ ಅವನ ಕೈ ಮೇಲೆ ಕೂತಿತು. ಅತ್ತೆಗೆ ಯಾಕೋ ಹೊರಗೆ ತುರ್ತು ಕೆಲಸ ನೆನಪಾಯಿತು.

“ಎಷ್ಟು ಹೊತ್ತು... ಹೀಗೆ?” ಅವನು ಕೇಳಿದ.

“ಒಣಗೋವರೆಗೆ.”

“ಒಣಗಿದ ಮೇಲೆ?”

ಅವಳು ಮೊದಲ ಸಲ ಅವನ ಕಣ್ಣಲ್ಲಿ ಕಣ್ಣಿಟ್ಟಳು.

“ಆಮೇಲೂ ಬಿಡಬೇಡ.”