ತಾನೇ ಹಾಡುವ ಪೆಟ್ಟಿಗೆ

ತೋಂಟದಾರ್ಯನ ಮನಸ್ಸಿನಲ್ಲಿ ಕೊಲೆಯ ಯೋಚನೆ ಹುಟ್ಟಿದ್ದು ಶೆಟ್ಟಿಕೆರೆ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ, ಇಡ್ಲಿ ತಟ್ಟೆಯ ಮುಂದೆ.

"ಇನ್ಮೇಲೆ ನಿನ್ ತಂತಿ ಬಟ್ಟೆ ಒಣಗಾಕಕ್ಕೇ ಸರಿ ಬುಡು ಮಾವ," ಎಂದಿದ್ದ ಅಕ್ಕನ ಮಗ ಉಜ್ವಲ್. ಹೋಟೆಲಿಗೆ ಹೋಟೆಲೇ ನಕ್ಕಿತ್ತು.

ತಂತಿ ಅಂದರೆ ಊರಿನ ಟಿವಿ ಕೇಬಲ್. ಇರುವೆ ಕಚ್ಚಿಸಿಕೊಂಡು ತೆಂಗಿನ ಮರದಿಂದ ಮರಕ್ಕೆ ತೋಂಟದಾರ್ಯನೇ ಎಳೆದದ್ದು. ಗಾಳಿಗೆ ಗರಿ ಬಿದ್ದು ತಂತಿ ಹರಿದರೆ ಉಣ್ಣುವ ತಟ್ಟೆ ಬಿಟ್ಟು ಓಡುತ್ತಿದ್ದ. ಯಾವುದಾದರೂ ಬೀದಿಯಲ್ಲಿ ಸಾವಾದರೆ, ಯಾರೂ ಹೇಳುವ ಮೊದಲೇ ಹೋಗಿ ಆ ಬೀದಿಯ ತಂತಿ ಬಿಡಿಸಿ ಬರುತ್ತಿದ್ದ. ಮಣ್ಣಾಗುವ ತನಕ ಅಲ್ಲಿ ಒಂದು ಟಿವಿಯೂ ಬಾಯಿ ಬಿಡುತ್ತಿರಲಿಲ್ಲ. ಅಷ್ಟು ಮರ್ಯಾದೆಯಿಂದ ನಡೆಸಿದ ಕಸುಬು. ಉಜ್ವಲನಿಗೆ ಅದನ್ನು ಕಲಿಸಿದವನೂ ಅವನೇ. ಕಲಿತವನು ಡಿಶ್ಶಿನ ಏಜೆನ್ಸಿ ಹಿಡಿದು ಮನೆಮನೆಯ ತಾರಸಿಯ ಮೇಲೆ ಬಿಳಿ ತಟ್ಟೆ ಕೂರಿಸಿದ. ಗುರುವಿಗೇ ತಿರುಮಂತ್ರ. ಕಸುಬು ಹೋದದ್ದನ್ನು ಹೇಗೋ ನುಂಗಿಕೊಳ್ಳಬಹುದಿತ್ತು. ಆ ನಗು ಮಾತ್ರ ಗಂಟಲಿನಿಂದ ಕೆಳಗಿಳಿಯಲಿಲ್ಲ.

ಕೊಲ್ಲುವುದು ಸುಲಭವಿತ್ತು. ಉಜ್ವಲನಿಗೆ ಈಜು ಬಾರದು. ಚಿಕ್ಕವನಿದ್ದಾಗ ಸೊಂಟಕ್ಕೆ ಒಣಕಾಯಿ ಕಟ್ಟಿ ಕಲಿಸಲು ಹೋದವನು ತೋಂಟದಾರ್ಯನೇ. ಹುಡುಗ ಕಿರುಚಿ ಮಾವನ ಕುತ್ತಿಗೆ ತಬ್ಬಿಕೊಂಡಿದ್ದ. ಈಗ ದಿನಾ ಮಧ್ಯಾಹ್ನ ಮೋಟರ್ ಹಾಕಲು ಒಬ್ಬನೇ ತೋಟದ ಬಾವಿಗೆ ಹೋಗುತ್ತಾನೆ. ಬಾವಿಗೆ ಕಟ್ಟೆಯಿಲ್ಲ. ಕಷ್ಟವಿದ್ದದ್ದು ಆಮೇಲಿನದು. ಹೋಟೆಲಿನಲ್ಲಿ ನಕ್ಕವರೆಲ್ಲ ಮೊದಲು ಬೆರಳು ತೋರಿಸುವುದು ತನ್ನ ಕಡೆಗೇ. ಹಾವು ಸಾಯಬೇಕು, ಕೋಲು ಮುರಿಯಬಾರದು.

ಅದಕ್ಕೆ ಅವನು ತಿಪಟೂರಿನಿಂದ ಒಂದು ಹಳೆಯ ಕಂಪ್ಯೂಟರನ್ನೂ ಹೊಸ ಹಾರ್ಡ್ ಡಿಸ್ಕನ್ನೂ ತಂದ. ಅಂಗೈಯಗಲದ ಕಪ್ಪು ಪೆಟ್ಟಿಗೆ. ಹೊರಗಿನಿಂದ ವೈರು ಚುಚ್ಚಿದರೆ ಸಾಕು. ಕೇಬಲ್ಲಿಗೆಂದು ಕೂಡಿಟ್ಟಿದ್ದ ಸಿಡಿಗಳನ್ನೆಲ್ಲ ಪಂಚೆಯಂಚಿನಲ್ಲಿ ಒರೆಸಿ ಒಂದೊಂದಾಗಿ ಅದಕ್ಕೆ ತುಂಬಿದ. ಸಿನಿಮಾ, ಹಾಡು, ನೆಂಟರ ಮದುವೆಯ ವಿಡಿಯೋ, ಯಾವುದನ್ನೂ ಬಿಡಲಿಲ್ಲ. ಕಂಪ್ಯೂಟರಿನಿಂದ ಟಿವಿಗೆ, ಟಿವಿಯಿಂದ ದೊಡ್ಡ ಸ್ಪೀಕರಿಗೆ ವೈರು ಎಳೆದ. ಕರೆಂಟು ಹೋದರೆ ಇರಲಿ ಎಂದು ಇನ್ವರ್ಟರನ್ನೂ ಜೋಡಿಸಿದ.

"ಇಡೀ ಮನೆಗೆ ಒಂದೇ ಪೆಟ್ಟಿಗೆ ಕಣೇ. ಏನ್ ಬೇಕೋ ನೋಡು," ಎಂದು ಹೆಂಡತಿಗೆ ತೋರಿಸಿದ.

"ಸದ್ಯ, ಆ ಜಗಳ ಮರ್ತ್ರಲ್ಲ ಬುಡಿ," ಎಂದಳು ಗಿರಿಜಾಂಬಿಕಾ. ಅವಳಿಗೆ ನಿಜಕ್ಕೂ ಸಂತೋಷವಾಗಿತ್ತು.

ಸಿನಿಮಾದ ನಡುವೆ ಸಿಡಿ ಮುಗಿಯುತ್ತದೆ, ಯಾರಾದರೂ ಎದ್ದು ಎರಡನೆಯದನ್ನು ಹಾಕಬೇಕು ಎನ್ನುವುದು ಬೀದಿಯ ಮಕ್ಕಳಿಗೂ ಗೊತ್ತಿತ್ತು. ಈ ಪೆಟ್ಟಿಗೆ ಒಂದರ ಹಿಂದೆ ಒಂದನ್ನು ತಾನೇ ಪೋಣಿಸಿಕೊಂಡು ಓಡುತ್ತದೆ ಎನ್ನುವುದು ಯಾರಿಗೂ ಗೊತ್ತಿರಲಿಲ್ಲ. ಅವನು ಹೆಂಡತಿಗೂ ಹೇಳಲಿಲ್ಲ. ಮಧ್ಯಾಹ್ನವಿಡೀ ಮನೆ ಹಾಡುತ್ತಿದ್ದರೆ ಯಜಮಾನ ಒಳಗಿದ್ದಾನೆಂದೇ ಅರ್ಥ. ಕೇಳಿಸಿಕೊಳ್ಳುವ ಕಿವಿಗಳಿಗೂ ಬರವಿರಲಿಲ್ಲ. ಎದುರು ಮನೆಯ ಮಲ್ಲಿಕಾರ್ಜುನಯ್ಯನ ತಾಯಿ ಲಕ್ಷ್ಮಿದೇವಮ್ಮ ಅನ್ನ ಬಿಟ್ಟು ಮಲಗಿದ್ದರು. ಕೊನೆಯದಾಗಿ ನೋಡಿಹೋಗಲು ಬಂದ ನೆಂಟರಿಂದ ಆ ಮನೆಯ ಜಗುಲಿ ಯಾವಾಗಲೂ ತುಂಬಿರುತ್ತಿತ್ತು. ಹುಡುಕಿದರೂ ಇಷ್ಟು ಸಾಕ್ಷಿಗಳು ಸಿಗುತ್ತಿರಲಿಲ್ಲ. ತೋಂಟದಾರ್ಯ ತಾನೂ ಹೋಗಿ ಮುದುಕಿಯ ಬಾಯಿಗೆ ಒಂದು ಚಮಚ ಹಾಲು ಬಿಟ್ಟ.

"ನಮ್ಮನೆ ಟಿವಿ ಜೋರಾಯ್ತದೇನೋ, ಅಮ್ಮಂಗೆ ತೊಂದ್ರೆ ಆಗಲ್ವಾ?" ಎಂದು ಕೇಳಿದ.

"ಹಾಕ್ಕಳಪ್ಪ, ಅಮ್ಮಂಗೆಲ್ಲಿ ಕೇಳ್ತದೆ? ಬಂದೋರ್ಗೂ ಹೊತ್ತೋಯ್ತದೆ," ಎಂದರು ಮಲ್ಲಿಕಾರ್ಜುನಯ್ಯ.

ಗಿರಿಜಾಂಬಿಕಾ ಕೆಂಕೆರೆಯ ತವರಿಗೆ ಹೋದ ದಿನ ಅವನು ಪೆಟ್ಟಿಗೆಯನ್ನು ಚಾಲೂ ಮಾಡಿದ. ಕುಣಿಯುವ ಹಾಡುಗಳನ್ನೇ ಮೊದಲಿಗೆ ಜೋಡಿಸಿದ್ದ. ಮುಂಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿ, ಮೊಬೈಲನ್ನು ಟಿವಿಯ ಪಕ್ಕದಲ್ಲೇ ಬಿಟ್ಟು, ಹಿತ್ತಲಿನಿಂದ ತೋಟಗಳೊಳಕ್ಕೆ ಇಳಿದ.

ಉಜ್ವಲ್ ಬಾವಿಯಂಚಿನಲ್ಲಿ ಬಗ್ಗಿ ಪೈಪು ನೋಡುತ್ತಿದ್ದ. ಮಾವನನ್ನು ಕಂಡು ಅವನ ಮುಖ ಅರಳಿತು.

"ಬಾ ಮಾವ. ಅವತ್ತು ಹೋಟ್ಲಲ್ಲಿ ಏನೋ ಅಂದ್ಬುಟ್ಟೆ, ಮನ್ಸಿಗೆ ಹಾಕ್ಕಬ್ಯಾಡ. ಇರು, ಎಳನೀರು ಕೀಳ್ತೀನಿ."

ಆ ಮಾತು ಬೇಕಿರಲಿಲ್ಲ. ಕೈ ಒಂದು ಗಳಿಗೆ ತಡೆಯಿತು, ಆಮೇಲೆ ತಳ್ಳಿತು. ನೀರಿನಿಂದ ಉಜ್ವಲ್ "ಮಾವಾ, ಮಾವಾ" ಎಂದೇ ಕೂಗಿದ. ಹಿಡಿದುಕೊಳ್ಳಲು ಅವನಿಗೆ ಬೇರೆ ಹೆಸರು ಹೊಳೆಯಲಿಲ್ಲ. ತೋಂಟದಾರ್ಯ ಕಿವಿ ಮುಚ್ಚಿಕೊಂಡು, ನೀರು ಸುಮ್ಮನಾಗುವವರೆಗೆ ನಿಂತಿದ್ದ. ಹೊಟ್ಟೆಯೊಳಗಿನ ಉರಿ ಆರಿದೆಯೇ ಎಂದು ನೋಡಿಕೊಂಡ, ಆರಿರಲಿಲ್ಲ.

ಮನೆಯ ಹತ್ತಿರ ಬರುತ್ತಿದ್ದಂತೆ ಕಿವಿ ಹಾಡನ್ನು ಹುಡುಕಿತು. ಹಾಡಿರಲಿಲ್ಲ. ಇನ್ವರ್ಟರ್ ಕೈಕೊಟ್ಟಿತೇ? ಹಿತ್ತಲ ಬಾಗಿಲು ತಳ್ಳಿ ಒಳಗೆ ಬಂದ.

ನಡುಮನೆ ತುಂಬ ಜನ. ಮುಂಬಾಗಿಲು ಅಗುಳಿ ಮುರಿದು ವಾಲಿತ್ತು. ಕಂಪ್ಯೂಟರಿನ ವೈರನ್ನು ಯಾರೋ ಕಿತ್ತೆಸೆದಿದ್ದರು.

"ಅಮ್ಮ ಹೋಗ್ಬುಟ್ರು ಕಣಪ್ಪ," ಎಂದರು ಮಲ್ಲಿಕಾರ್ಜುನಯ್ಯ. ಅವರ ಕಣ್ಣು ಕೆಂಪಾಗಿತ್ತು. "ಬೀದಿ ಟಿವಿ ಎಲ್ಲಾ ನಿಂತೋದ್ವು, ನಿಂದೊಂದೇ ಕುಣೀತಿತ್ತು. ಕೂಗಿದ್ರೆ ಓಗೊಡ್ಲಿಲ್ಲ, ಫೋನ್ ಒಳಗೇ ಬಡ್ಕಳ್ತದೆ. ಸಾವಿನ ಮರ್ಯಾದೆ ನೀನು ತಪ್ಪೋನಲ್ಲ, ಎದೆಗಿದೆ ಹಿಡ್ಕೊಂಡು ಬಿದ್ದೋದ್ಯೇನೋ ಅಂತ ಬಾಗ್ಲು ಒಡೆದ್ವಿ. ಮನೇಲಿ ನರಪಿಳ್ಳೆ ಇಲ್ಲ! ಯಾರೂ ಇಲ್ದೆ ಅದೆಂಗೆ ಹಾಡ್ತಿತ್ತು?"

ಗೋಡೆಗೊರಗಿ ನಿಂತಿದ್ದ ಅಕ್ಕ ಸುವರ್ಣಮ್ಮ ಅವನ ಕಾಲಿಗೆ ಮೆತ್ತಿದ್ದ ಹಸಿ ಕೆಸರನ್ನು ನೋಡುತ್ತಿದ್ದಳು. "ನಿನ್ನ ಹುಡುಕ್ಸಾನ ಅಂತ ಉಜ್ಜುಗೆ ಫೋನ್ ಮಾಡ್ದೆ, ಅವ್ನೂ ಎತ್ತಲಿಲ್ಲ. ತೋಟದ ತಾವ್ಕೆ ಜನ ಕಳ್ಸಿವ್ನಿ. ಎಲ್ಲಿಗೋಗಿದ್ಲಾ ತಮ್ಮಾ?" ಎಂದಳು. ತೋಂಟದಾರ್ಯ ಒಡೆದ ಬಾಗಿಲಿನಾಚೆ ನೋಡಿದ. ಎದುರು ಜಗುಲಿಯ ಮೇಲೆ, ಹಣೆ ತುಂಬ ವಿಭೂತಿ ಬಳಿದು ಕೂರಿಸಿದ್ದ ಲಕ್ಷ್ಮಿದೇವಮ್ಮನ ಮುಖ ನೇರವಾಗಿ ಅವನ ಮನೆಯತ್ತಲೇ ತಿರುಗಿತ್ತು. ಸಿಡಿ, ಕರೆಂಟು, ಮೊಬೈಲು, ಅಗುಳಿ, ಎಲ್ಲವನ್ನೂ ಅವನು ಯೋಚಿಸಿದ್ದ. ಸಾಯಲು ಮಲಗಿದ ಮುದುಕಿ ಅವತ್ತೇ ಸಾಯಬಹುದು ಎಂದು ಮಾತ್ರ ಯೋಚಿಸಿರಲಿಲ್ಲ.