ಎಂಬತ್ತತ್ತೆಯ ಕಸದ ಪುಸ್ತಕ

"ಎಪ್ಪತ್ತಾರು!" ಅಂದಳು ಅತ್ತೆ.

"ಎಂಬತ್ತು!" ಅಂದ ಅಪ್ಪ.

"ಪೀಂ!" ಅಂದಿತು ಹೊಸ ತಕ್ಕಡಿ.

ಮೆಣಸು ಬಾಗಿಲಲ್ಲೇ ಬ್ಯಾಗ್ ಕೆಳಗಿಟ್ಟು ಹಣೆ ಚಚ್ಚಿಕೊಂಡಳು. ಸ್ಕೂಲಿಂದ ಬಂದು ಒಂದು ಶೂ ಬಿಚ್ಚಿದ್ದಷ್ಟೇ, ಆಗಲೇ ಶುರು! ಈ ಮನೆಯಲ್ಲಿ ಒಬ್ಬರಾದರೂ "ಬಂದ್ಯಾ, ಹಸಿವಾಯ್ತಾ" ಅಂತ ಕೇಳುತ್ತಾರಾ? ಊಹೂಂ. ಬೆಳಗಾದರೆ ಎಂಬತ್ತು, ಸಂಜೆಯಾದರೆ ಎಂಬತ್ತು.

ಅವಳ ಮನೆಯ ಮುಂದಿನ ದೊಡ್ಡ ರೂಮೇ ಫ್ಯಾಕ್ಟರಿ. ಅಲ್ಲಿ ತಯಾರಾಗೋದು ಕಾಟನ್ ಪ್ಯಾಡ್. ಮೇಕಪ್ ತೆಗೆಯೋಕೆ ಒಂದು ಸಲ ಮುಖ ಒರೆಸಿ ಬಿಸಾಡ್ತಾರಲ್ಲ, ಬಿಸ್ಕತ್ತಿನಷ್ಟು ದುಂಡಗಿನ ಬಿಳೀ ಪ್ಯಾಡ್, ಅದೇ. ಅಪ್ಪ ಹಾಸಿಗೆಯಂಥ ಹತ್ತಿಯ ಸುರುಳಿಯನ್ನು ಮೆಷಿನ್ನಿಗೆ ಕೊಡುತ್ತಾನೆ. ಮೆಷಿನ್ನು ಧಡಕ್ ಧಡಕ್ ಅಂತ ಅದನ್ನು ದುಂಡಗೆ ಕತ್ತರಿಸುತ್ತದೆ. ಅತ್ತೆ ಪ್ಯಾಡ್‌ಗಳನ್ನು ಕಂಬದ ಹಾಗೆ ಜೋಡಿಸಿ ಉದ್ದನೆಯ ಪ್ಲಾಸ್ಟಿಕ್ ಚೀಲಕ್ಕೆ ತುಂಬುತ್ತಾಳೆ. ಅಮ್ಮ ಚೀಲದ ದಾರ ಎಳೆದು ಬಾಯಿ ಬಿಗಿದು, ಬಾಕ್ಸಿಗೆ ಹಾಕಿ, ಭುಜಕ್ಕೂ ಕಿವಿಗೂ ಮಧ್ಯೆ ಫೋನ್ ಸಿಕ್ಕಿಸಿಕೊಂಡು ಅಂಗಡಿಯವರ ಜೊತೆ ಮಾತಾಡುತ್ತಾಳೆ. ಒಂದು ಚೀಲಕ್ಕೆ ಎಂಬತ್ತು ಪ್ಯಾಡ್. ಒಂದು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ.

ಅತ್ತೆ ಎಣಿಸುವುದೇ ಇಲ್ಲ. ಪ್ಯಾಡ್ ಕಂಬವನ್ನು ಎರಡು ಅಂಗೈ ಮಧ್ಯೆ ಹಿಡಿದು ಒಂದು ಸಲ ಅಮುಕಿದರೆ ಸಾಕು, ಎಷ್ಟಿವೆ ಅಂತ ಹೇಳಿಬಿಡುತ್ತಾಳೆ. ಹನ್ನೆರಡು ವರ್ಷದಿಂದ ಅದೇ ಕೆಲಸ. ಅದಕ್ಕೇ ಅವಳು ಎಂಬತ್ತತ್ತೆ. ಆ ಹೆಸರಿಟ್ಟದ್ದು ಮೆಣಸು. ಮೆಣಸಿಗೆ ಮೆಣಸು ಅಂತ ಹೆಸರಿಟ್ಟದ್ದು ಅತ್ತೆ, ಮೂಗಿನ ತುದಿಯಲ್ಲೇ ಕೋಪ ಅಂತ. ಅಲ್ಲಿಗೆ ಇಬ್ಬರ ಲೆಕ್ಕವೂ ಚುಕ್ತಾ.

ಹೋದ ತಿಂಗಳು ಅಪ್ಪ ಈ ಕರೆಂಟಿನ ತಕ್ಕಡಿ ತಂದ. ಚೀಲಕ್ಕೆ ಪ್ಯಾಡ್ ತುಂಬುತ್ತಾ ಹೋಗೋದು, ಎಂಬತ್ತು ಪ್ಯಾಡಿನ ತೂಕ ಬಂದ ಕೂಡಲೇ ಅದು ಪೀಂ ಅನ್ನೋದು. ಅವತ್ತಿನಿಂದ ಅತ್ತೆಯ ಕೈಗೂ ತಕ್ಕಡಿಗೂ ಎಣ್ಣೆ ಸೀಗೆಕಾಯಿ.

"ನಾನು ಹೇಳ್ತಿದೀನಿ ಕೇಳು, ಈ ಕೊನೇ ರ್ಯಾಕಿನ ಚೀಲಗಳಲ್ಲಿ ಪ್ಯಾಡ್ ಕಮ್ಮಿ ಇದೆ," ಅಂದಳು ಅತ್ತೆ.

"ತಕ್ಕಡಿ ಸುಳ್ಳು ಹೇಳುತ್ತಾ ಅಕ್ಕ?"

"ಹಾಗಾದ್ರೆ ನನ್ನ ಕೈ ಸುಳ್ಳು ಹೇಳುತ್ತಾ?"

"ಕೈಗೂ ವಯಸ್ಸಾಗುತ್ತೆ."

ಅಯ್ಯೋ, ಆ ಮಾತು ಬೇಡವಾಗಿತ್ತು. ಅಮ್ಮ ಫೋನು ಕೆಳಗಿಟ್ಟಳು. ಅತ್ತೆ ತಲೆಯ ಬಲೆ ಟೋಪಿ ತೆಗೆದು ಮೇಜಿನ ಮೇಲಿಟ್ಟಳು. ಏಪ್ರನ್ನಿನ ಗಂಟಿಗೆ ಕೈ ಹಾಕಿದಳು.

"ಬಟನ್ ಫ್ಯಾಕ್ಟರಿಯವರು ವರ್ಷದಿಂದ ಕರೀತಿದಾರೆ, ಹಾಸ್ಟೆಲ್ ರೂಮೂ ಕೊಡ್ತಾರಂತೆ," ಅಂದಳು. "ನಾಳೆಯಿಂದ ನಿನ್ನ ಪೀಂ ಜೊತೆ ನೀನೇ ಸಂಸಾರ ಮಾಡ್ಕೋ."

ಅತ್ತೆಯ ಜೊತೆ ಮೆಣಸು ದಿನಕ್ಕೆ ನಾಲ್ಕು ಸಲ ಜಗಳ ಆಡುತ್ತಾಳೆ, ನಿಜ. ಆದರೆ ಅತ್ತೆ ಹೋದರೆ ಆ ನಾಲ್ಕು ಜಗಳ ಯಾರ ಜೊತೆ ಆಡೋದು? ಅತ್ತೆ ಇಲ್ಲದ ಮನೆ ಅವಳಿಗೆ ಬೇಡವೇ ಬೇಡ.

"ಎಣಿಸಿ ನೋಡ್ರಪ್ಪಾ!" ಅಂತ ಕಿರುಚಿದಳು. "ಇಷ್ಟು ಜಗಳ ಆಡೋ ಬದಲು ಒಂದು ಚೀಲ ಬಿಚ್ಚಿ ಎಣಿಸೋಕೇನು?"

"ಎಣಿಸೋದಾಗಿದ್ರೆ ತಕ್ಕಡಿ ಯಾಕೆ ತರಬೇಕಿತ್ತು?" ಅಂದ ಅಪ್ಪ.

"ಎಣಿಸಿದ್ರೆ ನನ್ನ ಕೈಗೆ ಅವಮಾನ," ಅಂದಳು ಅತ್ತೆ.

ಅಕ್ಕ ತಮ್ಮ ಅಂದರೆ ಇವರೇ! ಒಬ್ಬರಿಗಿಂತ ಒಬ್ಬರು ಮೊಂಡು. ಹೊರಗೆ ಲಾರಿ ಡ್ರೈವರ್ ಬೇರೆ ಒಂದೇ ಸಮ ಹಾರ್ನ್ ಬಾರಿಸುತ್ತಿದ್ದ. "ಗೋಡೌನ್ ಬಾಗಿಲು ಹಾಕ್ಬಿಡ್ತಾರೆ, ಬೇಗ ಕೊಡ್ರೀ!"

ಮೆಣಸು ಇನ್ನೊಂದು ಶೂವನ್ನೂ ಒದ್ದು ಬಿಚ್ಚಿದಳು. ಒಳಗೆ ಬಂದು ಅಪ್ಪನ ಕೈಯಿಂದ ಚೀಲ ಕಿತ್ತುಕೊಂಡು ನೆಲದ ಮೇಲೆ ಕೂತಳು. ಒಂದು, ಎರಡು, ಮೂರು... ಅಷ್ಟರಲ್ಲಿ ಅಮ್ಮನ ಫೋನು ಬಡಿದುಕೊಂಡಿತು. ಮತ್ತೆ ಮೊದಲಿನಿಂದ ಒಂದು, ಎರಡು, ಮೂರು...

"ಎಪ್ಪತ್ತೆಂಟು," ಅಂದಳು.

"ಸಾಧ್ಯವೇ ಇಲ್ಲ," ಅಂದರು ಅಪ್ಪ, ಅತ್ತೆ, ಒಟ್ಟಿಗೆ. ಇವತ್ತು ಇಬ್ಬರಿಗೂ ಒಪ್ಪಿಗೆಯಾದ ಮಾತು ಅದೊಂದೇ.

"ಟೆಸ್ಟಲ್ಲಿ ಮ್ಯಾತ್ಸ್‌ಗೆ ಎಷ್ಟು ಬಂದಿತ್ತು ನಿಂಗೆ?" ಅಂತ ಅಪ್ಪ ಕೇಳಿದ.

"ಎಣಿಸೋದು ಒಂದನೇ ಕ್ಲಾಸಲ್ಲೇ ಪಾಸಾಗಿದೀನಿ!" ಅಂತ ಮೆಣಸು ಸಿಡುಕಿದಳು.

ಅಮ್ಮ ಇನ್ನೊಂದು ಚೀಲ ಬಿಚ್ಚಿ ತಾನೇ ಎಣಿಸಿದಳು. ಎಪ್ಪತ್ತೆಂಟು. ಮತ್ತೊಂದು. ಅದೂ ಎಪ್ಪತ್ತೆಂಟು. ತಕ್ಕಡಿಯೂ ತಪ್ಪು, ಕೈಯೂ ತಪ್ಪು! ಇಬ್ಬರ ಮುಖವೂ ಇಂಗು ತಿಂದ ಮಂಗನ ಹಾಗಾಯಿತು.

ಅತ್ತೆ ಬಗ್ಗಿ ಒಂದು ಹಿಡಿ ಪ್ಯಾಡ್ ತೆಗೆದುಕೊಂಡು ಕೆನ್ನೆಗೆ ಒತ್ತಿ ಹಿಡಿದಳು. ಆಮೇಲೆ ಆ ಪ್ಯಾಡ್‌ಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದಳು. ಒಂದರ ಅಂಚಿನಿಂದ ಉಗುರಿನ ತುದಿಯಲ್ಲಿ ಏನನ್ನೋ ಕಿತ್ತಳು. ಮೇಜಿನ ಮೇಲಿದ್ದ ಟೇಪ್ ಚೂರಿಗೆ ಕೈ ಹೋಯಿತು, ಅಲ್ಲಿಂದ ಏಪ್ರನ್ ಜೇಬಿಗೆ ಹೋಯಿತು.

"ತಣ್ಣಗಿದೆ," ಅಂದಳು. "ಹತ್ತಿ ತೇವ ಕುಡಿದಿದೆ. ತೇವ ಕುಡಿದ್ರೆ ತೂಕ ಜಾಸ್ತಿ, ದಪ್ಪ ಕಮ್ಮಿ. ಅದಕ್ಕೇ ನಿನ್ನ ತಕ್ಕಡಿ ಎಂಬತ್ತು ಅಂತು, ನನ್ನ ಕೈ ಎಪ್ಪತ್ತಾರು ಅಂತು."

"ತೇವ ಎಲ್ಲಿಂದ ಬಂತು?" ಅಂದ ಅಪ್ಪ.

ಮೆಣಸು ಎದ್ದು ನಿಂತಿದ್ದವಳು ಹಾಗೇ ಮರಗಟ್ಟಿದಳು.

ಆ ರೂಮಿನ ಬಾಗಿಲ ಮೇಲೆ ಒಂದು ರಟ್ಟು ತೂಗುತ್ತದೆ. "ಒದ್ದೆಗೆ ಪ್ರವೇಶವಿಲ್ಲ." ಅತ್ತೆಯದೇ ಅಕ್ಷರ. ನೀರಿನ ಬಾಟಲ್ ತರಬಾರದು, ಛತ್ರಿ ತರಬಾರದು, ತಲೆಗೆ ಸ್ನಾನ ಮಾಡಿ ಬರಬಾರದು. ಮೆಣಸಿಗೆ ನಡೆಯೋಕೆ ಬರುವ ಮೊದಲೇ ಆ ರೂಲ್ ಬರುತ್ತಿತ್ತು.

ಆದರೆ ನಿನ್ನೆ ಭಾನುವಾರ. ನಾಳೆ ಮಂಗಳವಾರ ಸ್ಕೂಲಲ್ಲಿ ಕ್ಲಾಸ್ ಫೋಟೋ. ಮೆಣಸಿನ ನೀಲಿ ಸ್ವೆಟರ್ ತುಂಬ ಈ ಮನೆಯ ಹತ್ತಿಯ ಎಳೆ. ಕ್ಲಾಸಲ್ಲಿ ಅವಳನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. "ಏ ಹತ್ತಿ, ಬೆಂಚ್ ಹತ್ತಿ ಕೂತ್ಕೋ!" ಅನ್ನುತ್ತಾರೆ. "ಹತ್ತಿ ಹತ್ತಿರ ಹೋಗ್ಬೇಡ್ರೋ, ಅಂಟ್ಕೊಳ್ತಾಳೆ!" ಅನ್ನುತ್ತಾರೆ. ದಿನಾ ಅದೇ ಜೋಕು, ದಿನಾ ಅದೇ ನಗು. ಕೇಳಿ ಕೇಳಿ ಅವಳಿಗೆ ರೋಸಿಹೋಗಿತ್ತು. ಫೋಟೋದಲ್ಲಾದರೂ ಹತ್ತಿಯಾಗಿರಬಾರದು ಅಂತ ನಿನ್ನೆ ಸ್ವೆಟರನ್ನು ತಾನೇ ಒಗೆದಳು.

ಹೊರಗೆ ಮೋಡ. ಮೂರು ದಿನದಿಂದ ಬಿಸಿಲಿಲ್ಲ. ಮನೆಯಲ್ಲಿ ಜೋರಾಗಿ ಗಾಳಿ ಬೀಸೋದು ಪ್ಯಾಕಿಂಗ್ ರೂಮಿನ ಫ್ಯಾನ್ ಒಂದೇ. ಮಧ್ಯಾಹ್ನ ಊಟ ಮುಗಿಸಿ ಎಲ್ಲರೂ ಮಲಗಿದ್ದಾಗ ಅವಳು ಸ್ವೆಟರನ್ನು ಕೊನೇ ರ್ಯಾಕಿನ ಮೇಲೆ ಹರಡಿ, ಫ್ಯಾನ್ ಹಾಕಿ ಬಂದಳು. ಸ್ವೆಟರೇ ತಾನೇ, ನೀರಿನ ಬಾಟಲ್ ಅಲ್ಲವಲ್ಲ! ಮೂರು ಗಂಟೆ ಬಿಟ್ಟು ಹೋಗಿ ನೋಡಿದರೆ ಸ್ವೆಟರ್ ಚೆನ್ನಾಗಿ ಒಣಗಿತ್ತು. ಅಷ್ಟೇ ಚೆನ್ನಾಗಿ ಹತ್ತಿಯ ಎಳೆಯನ್ನೂ ಹಿಡಿದುಕೊಂಡಿತ್ತು. ಮೊದಲಿಗಿಂತ ಡಬಲ್! ಮೆಣಸಿಗೆ ಅಳು ಬಂದಿತ್ತು, ಆ ರ್ಯಾಕಿನ ಟ್ರೇಗಳಲ್ಲಿ ಮಾರನೇ ದಿನ ಚೀಲಕ್ಕೆ ತುಂಬೋ ಪ್ಯಾಡ್ ಇದ್ದವು ಅನ್ನೋದು ತಲೆಗೇ ಹೋಗಿರಲಿಲ್ಲ.

ಈಗ ಹೋಯಿತು.

"ಅಕ್ಕ, ನಿನ್ನೆ ಸಂಜೆ ಇಲ್ಲಿ ನೆಲ ಒರೆಸಿದ್ದು ನೀನಲ್ವಾ?" ಅಪ್ಪನ ಗಂಟಲು ಏರಿತ್ತು. "ಬಟ್ಟೆ ಸರಿಯಾಗಿ ಹಿಂಡದೆ ಒರೆಸಿರ್ತೀಯ. ಅದೇ ತೇವ!"

ಮೆಣಸು ಕಾದಳು. ಈಗ ಅತ್ತೆ ಅಪ್ಪನ ಬೆವರಿಳಿಸುತ್ತಾಳೆ. ಒಂದು ಅಂದರೆ ಹತ್ತು ಅನ್ನುವ ಅತ್ತೆ ಅವಳು.

ಅತ್ತೆ ಏಪ್ರನ್ ಬಿಚ್ಚಿ ಮೊಳೆಗೆ ನೇತುಹಾಕಿದಳು.

"ಇರಬಹುದು," ಅಂದಳು.

ಇರಬಹುದು! ಅತ್ತೆಯ ಬಾಯಲ್ಲಿ ಇರಬಹುದು!

"ಇನ್ನೊಬ್ಬರಿಗೆ ರೂಲ್ ಬರೆದು ತೂಗುಹಾಕೋದು, ತಾನು ಮಾತ್ರ ಪಾಲಿಸಬಾರದು," ಅಂದ ಅಪ್ಪ. "ಹೋಗೋದಿದ್ರೆ ಹೋಗು. ನಾನೇನು ಕಾಲು ಹಿಡಿಯಲ್ಲ."

ಅತ್ತೆ ಬಾಗಿಲ ಹತ್ತಿರ ಹೋಗಿ ಚಪ್ಪಲಿಗೆ ಕಾಲು ತೂರಿಸಿದಳು. ಒಂದು ಚಪ್ಪಲಿ ಸಿಕ್ಕಿತು, ಇನ್ನೊಂದು ಮೆಣಸಿನ ಶೂ ಕೆಳಗೆ ಸಿಕ್ಕಿಕೊಂಡಿತ್ತು.

"ನೆಲ ಅಲ್ಲ!" ಮೆಣಸಿನ ದನಿ ಕೀರಲಾಗಿ ಬಂತು. "ನೆಲ ಒರೆಸಿದ್ದಲ್ಲ ಅಪ್ಪ. ಸ್ವೆಟರ್. ನಾನು ಸ್ವೆಟರ್ ಒಗೆದು ಆ ರ್ಯಾಕ್ ಮೇಲೆ ಒಣಗಿಸಿದೆ. ಫ್ಯಾನ್ ಹಾಕಿ."

"ಸ್ವೆಟರಾ?" ಅಂದ ಅಪ್ಪ.

"ನಾಳೆ ಫೋಟೋ ಇದೆ. ಎಲ್ರೂ ಹತ್ತಿ ಹತ್ತಿ ಅಂತಾರೆ. ನಿಮ್ಮ ಹತ್ತಿ ನಂಗೆ ಸಾಕಾಗಿದೆ! ಊಟದಲ್ಲಿ ಹತ್ತಿ, ಹಾಸಿಗೇಲಿ ಹತ್ತಿ, ಮೂಗಲ್ಲಿ ಹತ್ತಿ..." ಸ್ವೆಟರಿನ ತೋಳಿನಲ್ಲೇ ಕಣ್ಣು ಒರೆಸಿಕೊಂಡಳು. ಒಂದು ಎಳೆ ರೆಪ್ಪೆಗೆ ಅಂಟಿತು.

ಯಾರೂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಅಪ್ಪ ದೊಪ್ಪನೆ ಒಂದು ಬಾಕ್ಸಿನ ಮೇಲೆ ಕೂತ, ಬಾಕ್ಸು ಅವನ ಸಮೇತ ಕುಸಿಯಿತು. ಅಮ್ಮ ಹೊರಗೆ ಓಡಿ, ಆ ರ್ಯಾಕಿನ ಅರುವತ್ತು ಚೀಲ ಬಿಟ್ಟು ಮಿಕ್ಕಿದ್ದನ್ನೆಲ್ಲ ಲಾರಿಗೆ ಹಾಕಿಸಿದಳು. ಅಂಗಡಿಯವರಿಗೆ ಫೋನ್ ಮಾಡಿ, "ಇನ್ನು ಅರುವತ್ತು ನಾಳಿದ್ದು ಬರುತ್ತೆ, ಇಲ್ಲ ಇಲ್ಲ, ಖಂಡಿತ," ಅಂತ ಏಳು ಸಲ ಹೇಳಿದಳು.

ಅಪ್ಪ ಬಾಕ್ಸಿನಿಂದ ಏಳದೆಯೇ, "ಅಕ್ಕ," ಅಂದ.

"ಏನು?"

"ಏಪ್ರನ್ ಹಾಕ್ಕೋ."

"ಹಾಕ್ಕೊಳ್ತೀನಿ, ನೀನು ಹೇಳಿದೆ ಅಂತ ಅಲ್ಲ," ಅಂದಳು ಅತ್ತೆ. "ಮೊದಲು ಟೀ ಕುಡೀತೀನಿ. ಆ ಬಾಕ್ಸಿಂದ ಏಳು, ಅದರಲ್ಲೂ ಚೀಲ ಇದೆ."

ಅತ್ತೆ ಚಪ್ಪಲಿ ಬಿಟ್ಟು ಅಡುಗೆಮನೆಗೆ ನಡೆದಳು. ಹೋಗುತ್ತಾ ತಿರುಗಿ ನೋಡದೆ, "ಏ ಮೆಣಸು, ಆ ಅರುವತ್ತೂ ಚೀಲ ಬಿಚ್ಚಿ ಪ್ಯಾಡನ್ನೆಲ್ಲ ಟ್ರೇಗೆ ಹರಡಬೇಕು, ಎಲ್ರೂ ಸೇರಿ ಮಾಡೋಣ. ಅಷ್ಟರಲ್ಲಿ 'ಹಸಿ, ಮುಟ್ಟಬೇಡಿ' ಅಂತ ಚೀಟಿ ಬರೆದು ರ್ಯಾಕಿಗೆ ಅಂಟಿಸು. ಪೆನ್ನು ನನ್ನ ಏಪ್ರನ್ ಜೇಬಲ್ಲಿದೆ," ಅಂದಳು.

ಮೆಣಸು ಮೊಳೆಯ ಹತ್ತಿರ ಹೋಗಿ ಜೇಬಿಗೆ ಕೈ ಹಾಕಿದಳು. ಪೆನ್ನಿನ ಜೊತೆ ಏನೋ ಬೆರಳಿಗೆ ಅಂಟಿಕೊಂಡು ಬಂತು. ಮಡಚಿದ ಟೇಪ್ ಚೂರು. ಅದರೊಳಗೆ ಒಂದು ಎಳೆ ಉಣ್ಣೆ. ನೀಲಿ.

ಮೇಜಿನ ಮೇಲೆ ಅತ್ತೆಯ ಕಸದ ಪುಸ್ತಕ ಇತ್ತು. ಪ್ಯಾಡಿನಲ್ಲಿ ಏನೇ ಕಸ ಸಿಗಲಿ, ಅತ್ತೆ ಅದನ್ನು ಟೇಪಿನಿಂದ ಆ ಪುಸ್ತಕಕ್ಕೆ ಅಂಟಿಸಿ, ಪಕ್ಕದಲ್ಲಿ ಯಾರದು ಅಂತ ಬರೆಯುತ್ತಾಳೆ. ಹನ್ನೆರಡು ವರ್ಷದಲ್ಲಿ ಒಂದನ್ನೂ ಬಿಟ್ಟವಳಲ್ಲ. ಮೆಣಸು ಹಾಳೆ ತಿರುಗಿಸಿದಳು. "ಮೀಸೆ ಕೂದಲು. ತಮ್ಮನದು." "ಉಗುರು ಬಣ್ಣದ ಚಕ್ಕೆ. ತಮ್ಮನ ಹೆಂಡತಿಯದು." "ತಲೆಕೂದಲು, ಬಿಳಿ. ನನ್ನದೇ." ಇವತ್ತಿನ ಸಾಲು ಮಾತ್ರ ಖಾಲಿ.

ಮೆಣಸು ತನ್ನ ತೋಳು ನೋಡಿಕೊಂಡಳು. ಟೇಪಿನೊಳಗಿನ ಎಳೆಯನ್ನು ನೋಡಿದಳು. ಅತ್ತೆ ಅದನ್ನು ಕಿತ್ತದ್ದು ಅಪ್ಪ ನೆಲದ ಮಾತೆತ್ತುವ ಮುಂಚೆ. "ಇರಬಹುದು" ಅಂದದ್ದು ಆಮೇಲೆ.

ಅವಳಿಗೆ ಮತ್ತೆ ಅಳು ಬಂತು, ಈ ಸಲ ಕೋಪದ್ದಲ್ಲ. ಅಡುಗೆಮನೆಯಲ್ಲಿ ಅತ್ತೆ ಅಪ್ಪನಿಗೆ, "ಸಕ್ಕರೆ ನೀನೇ ಹಾಕ್ಕೋ, ನನ್ನ ಕೈಗೆ ವಯಸ್ಸಾಗಿದೆ," ಅನ್ನುತ್ತಿದ್ದಳು.

ಮೆಣಸು ಟೇಪನ್ನು ಮೆಲ್ಲಗೆ ಬಿಡಿಸಿ ಖಾಲಿ ಸಾಲಿನಲ್ಲಿ ಅಂಟಿಸಿದಳು. ಪಕ್ಕದಲ್ಲಿ ಬರೆದಳು: "ನೀಲಿ ಉಣ್ಣೆ. ನನ್ನದು."

ಟೀ ಲೋಟ ಹಿಡಿದು ಬಂದ ಅತ್ತೆ ಅವಳ ಭುಜದ ಮೇಲಿಂದ ಬಗ್ಗಿ ನೋಡಿದಳು. ಆಮೇಲೆ ಟೇಪಿನ ಸುರುಳಿ ತೆಗೆದುಕೊಂಡು ಅಂಟು ಹೊರಗೆ ಬರುವ ಹಾಗೆ ಅಂಗೈಗೆ ಸುತ್ತಿಕೊಂಡಳು. ಸ್ವೆಟರಿನ ಬೆನ್ನಿನ ಮೇಲೆ ಒತ್ತಿ, ಪರ್ರ್ ಅಂತ ಎಳೆದು, ಒಂದು ಸಾಲು ಹತ್ತಿ ತೆಗೆದಳು.

"ತಾರೀಖು ಹಾಕಿಲ್ಲ," ಅಂದಳು. "ಹಾಕು."